ಕಿಡ್ನಿ ಕಸ ಹುಡುಕುವುದೇ ಇಲ್ಲ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮೂರಿನ ಗ್ರಂಥಾಲಯದಲ್ಲಿ ನಾನು ಆಡಿದ ಮಾತುಗಳು ಇವು. ನಲವತ್ತು ಜನ ಬಂದಿದ್ದರು. ಅರ್ಧಕ್ಕರ್ಧ ನಿವೃತ್ತರು, ಹಿಂದಿನ ಬೆಂಚಿನಲ್ಲಿ ನಾಲ್ಕೈದು ಹೈಸ್ಕೂಲ್ ಹುಡುಗರು. ಬರಲಾಗದವರು ಬರೆದು ಕೊಡಿ ಅಂದರು, ಅದಕ್ಕೇ ಈ ಬರಹ. ಮಾತಿನ ಧಾಟಿ ಹಾಗೇ ಇರಲಿ ಎಂದು ಜಾಸ್ತಿ ತಿದ್ದಿಲ್ಲ.

ಶುರುವಿಗೇ ಒಂದು ಪ್ರಶ್ನೆ ಕೇಳಿದೆ. ಕಿಡ್ನಿ ಏನು ಮಾಡುತ್ತದೆ? ಮುಂದೆ ಕೂತಿದ್ದ ಹಿರಿಯರೊಬ್ಬರು ತಟ್ಟನೆ ಹೇಳಿದರು, "ರಕ್ತದಲ್ಲಿರೋ ಕಸ ಸೋಸುತ್ತೆ." ಸರಿ. ಹಾಗಾದರೆ ಯಾವುದು ಕಸ, ಯಾವುದು ಅಲ್ಲ ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ರಕ್ತದಲ್ಲಿ ಸಾವಿರಾರು ಬಗೆಯ ವಸ್ತುಗಳಿವೆ. ಸಕ್ಕರೆ ಇದೆ, ಉಪ್ಪು ಇದೆ, ಪ್ರೋಟೀನು ಒಡೆದಾಗ ಉಳಿಯುವ ಯೂರಿಯಾ ಇದೆ, ನೀವು ಬೆಳಿಗ್ಗೆ ನುಂಗಿದ ಮಾತ್ರೆ ಇದೆ. ಪ್ರತಿಯೊಂದನ್ನೂ ನಿಲ್ಲಿಸಿ "ನೀನ್ಯಾರು" ಅಂತ ಕೇಳುವ ವಾಚ್‌ಮನ್ ಅಲ್ಲಿದ್ದಾನಾ?

ಇಲ್ಲ. ಕಿಡ್ನಿಗೆ ಕಸ ಯಾವುದು ಅಂತ ಗೊತ್ತೇ ಇಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ವಿಷಯ. ಮೂವತ್ತು ವರ್ಷ ಫಿಸಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ ಮಾಡಿದೆ, ಮೊದಲ ಹತ್ತು ವರ್ಷ ನಾನೂ "ಕಸ ಸೋಸುತ್ತದೆ" ಎಂದು ಬೋರ್ಡ್ ಮೇಲೆ ಬರೆದು ಮುಂದಕ್ಕೆ ಹೋಗುತ್ತಿದ್ದೆ.

ಗೌರಿ ಹಬ್ಬಕ್ಕೆ ಮುಂಚೆ ನಮ್ಮಮ್ಮ ಅಟ್ಟ ಕ್ಲೀನ್ ಮಾಡುವ ರೀತಿ ನೆನಪಾಗುತ್ತದೆ. ಅಟ್ಟದ ಮೇಲೆ ಕೂತು ಬೇಡದ್ದನ್ನು ಆರಿಸುತ್ತಿರಲಿಲ್ಲ. ಒಂದೂ ಬಿಡದೆ ಎಲ್ಲವನ್ನೂ ಅಂಗಳಕ್ಕೆ ಇಳಿಸುತ್ತಿದ್ದರು. ಆಮೇಲೆ ಹಿತ್ತಾಳೆ ಕೊಳಗ, ಶ್ಯಾವಿಗೆ ಒರಳು, ಅಜ್ಜನ ಕೊಡೆ, ಹೀಗೆ ಬೇಕಾದ್ದನ್ನು ಒಂದೊಂದೇ ಒಳಗೆ ಒಯ್ಯುವುದು. ಸಂಜೆಗೆ ಅಂಗಳದಲ್ಲಿ ಏನು ಉಳಿಯಿತೋ ಅದು ಕಸ. ಕಿಡ್ನಿ ಮಾಡುವುದೂ ಇದನ್ನೇ. ಎಲ್ಲವನ್ನೂ ಹೊರಗೆ ಸುರಿದು, ಗುರುತು ಇರುವುದನ್ನು ವಾಪಸ್ ತಗೊಳ್ಳುತ್ತದೆ. ಇದರಲ್ಲಿ ಒಂದು ಜಾಣತನ ಇದೆ ನೋಡಿ. ಹೋದ ವರ್ಷ ಮಾರ್ಕೆಟ್‌ಗೆ ಬಂದ ಮಾತ್ರೆಯನ್ನು ನಿಮ್ಮ ಅಜ್ಜನ ಅಜ್ಜನ ಕಿಡ್ನಿಯೂ ಕಂಡಿಲ್ಲ, ನಿಮ್ಮದೂ ಕಂಡಿಲ್ಲ. ಆದರೂ ಅಂಥ ಎಷ್ಟೋ ಮಾತ್ರೆಗಳು ಮೂತ್ರದಲ್ಲಿ ಹೊರಗೆ ಹೋಗುತ್ತವೆ. ಕಸ ಎಂದು ಯಾರೂ ಗುರುತಿಸಬೇಕಾಗಿಲ್ಲ. ಯಾರೂ ಒಳಗೆ ಕರೆದುಕೊಳ್ಳದಿದ್ದರೆ ಸಾಕು.

ಸುರಿಯುವ ಜಾಗ ಎಲ್ಲಿದೆ ಅಂತ ತೋರಿಸಲು ನಾನು ಶನಿವಾರ ಸಂಜೆಯೇ ಮಟನ್ ಅಂಗಡಿಗೆ ಹೋಗಿ ಮೇಕೆಯ ಎರಡು ಗುರ್ದಾ, ಅಂದರೆ ಕಿಡ್ನಿ, ತಂದಿದ್ದೆ. ಅಂಗಡಿಯವರು "ಮೇಷ್ಟ್ರೇ, ನೀವು ಯಾವಾಗಿಂದ?" ಅಂತ ನಕ್ಕರು. ಒಂದನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸ್ಟೀಲ್ ತಟ್ಟೆಯಲ್ಲಿಟ್ಟು, ಭೂತಗನ್ನಡಿಯ ಜೊತೆ ಸಭೆಗೆ ಕೊಟ್ಟೆ. ಮುಂದಿನ ಸಾಲಿನ ಇಬ್ಬರು ಮುಖ ತಿರುಗಿಸಿದರು, ಹಿಂದಿನ ಬೆಂಚಿನ ಹುಡುಗರು ತಟ್ಟೆ ಬಿಡಲೇ ಇಲ್ಲ. ಹೊರಗಿನ ಅಂಚು ಗಾಢ ಕೆಂಪು. ಒಳಗಿನದು ಸ್ವಲ್ಪ ಪೇಲವ, ಗೆರೆಗೆರೆ. ಆ ಕೆಂಪು ಅಂಚಿನಲ್ಲಿ ಗಮನ ಇಟ್ಟು ನೋಡಿದರೆ ಸೂಜಿ ಮೊನೆಯಂಥ ಚುಕ್ಕೆಗಳು ಕಾಣಬಹುದು. ಚುಕ್ಕೆ ಅಂದರೆ ಚುಕ್ಕೆ ಅಲ್ಲ, ಒಂದೊಂದೂ ರಕ್ತನಾಳದ ಒಂದು ಉಂಡೆ. ಹೆಸರು ಗ್ಲೋಮೆರುಲಸ್. ಲ್ಯಾಟಿನ್‌ನಲ್ಲಿ ಆ ಪದದ ಅರ್ಥವೇ ನೂಲಿನ ಸಣ್ಣ ಉಂಡೆ. ಮನುಷ್ಯರಲ್ಲಿ ಅದರ ಅಡ್ಡಳತೆ ಸುಮಾರು 0.2 ಮಿಲಿಮೀಟರ್. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ. ಇದು ಮನುಷ್ಯರಿಂದ ಮನುಷ್ಯರಿಗೆ ತುಂಬ ವ್ಯತ್ಯಾಸ ಆಗುತ್ತದೆ, ಹುಟ್ಟುವಾಗ ಎಷ್ಟು ಸಿಕ್ಕಿತೋ ಅಷ್ಟೇ, ಆಮೇಲೆ ಹೊಸದು ಬೆಳೆಯುವುದಿಲ್ಲ.

ಈ ಉಂಡೆಗಳನ್ನು ಮೊದಲು ಕಂಡವರು ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ. ಪ್ರಾಣಿಯ ಕಿಡ್ನಿಯ ರಕ್ತನಾಳಕ್ಕೆ ಕಪ್ಪು ಬಣ್ಣ ಕಲಸಿದ ಮದ್ಯಸಾರ ತುಂಬಿಸಿ ನೋಡಿದರು. ನಾಳದ ಕವಲುಗಳಿಗೆ ಸಣ್ಣ ಉಂಡೆಗಳು ಮರದಲ್ಲಿ ಸೇಬು ತೂಗಿದ ಹಾಗೆ ತೂಗಾಡುತ್ತಿವೆ ಎಂದು 1666ರಲ್ಲಿ ಬರೆದರು. ಆದರೆ ಅಲ್ಲಿಂದ ಮುಂದೆ ದಾರಿ ಎಲ್ಲಿಗೆ ಎಂದು ಅವರಿಗೆ ಕಾಣಲಿಲ್ಲ. ಆ ಉಂಡೆಯ ಸುತ್ತ ಒಂದು ಬಟ್ಟಲು ಇದೆ, ಬಟ್ಟಲಿನ ತಳದಿಂದ ಒಂದು ಕೊಳವೆ ಹೊರಡುತ್ತದೆ ಎಂದು ತೋರಿಸಲು ಇನ್ನೂ 176 ವರ್ಷ ಬೇಕಾಯಿತು. ಅದು ಲಂಡನ್‌ನ ವಿಲಿಯಂ ಬೋಮನ್, 1842.

ಈಗ ಲೆಕ್ಕ. ನಿಮ್ಮ ಎರಡೂ ಕಿಡ್ನಿ ಸೇರಿ ತೂಕ ಸುಮಾರು 300 ಗ್ರಾಂ. ಮೈತೂಕದಲ್ಲಿ ನೂರಕ್ಕೆ ಅರ್ಧ ಪಾಲು. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದರಲ್ಲೊಂದು ಪಾಲು ಇದಕ್ಕೇ ಹೋಗುತ್ತದೆ, ನಿಮಿಷಕ್ಕೆ ಒಂದು ಲೀಟರಿಗೂ ಜಾಸ್ತಿ. ಅದರಲ್ಲಿ ನಿಮಿಷಕ್ಕೆ ಸುಮಾರು 125 ಎಂಎಲ್, ಅಂದರೆ ಒಂದು ಟೀ ಲೋಟದಷ್ಟು ನೀರು ಉಂಡೆಯಿಂದ ಬಟ್ಟಲಿಗೆ ಸೋರುತ್ತದೆ. ದಿನಕ್ಕೆ 180 ಲೀಟರ್! ನಿಮ್ಮ ಮೈಯಲ್ಲಿ ಕಣಗಳನ್ನು ಬಿಟ್ಟು ರಕ್ತದ ನೀರಿನ ಭಾಗ ಇರುವುದೇ ಮೂರು ಲೀಟರ್. ಅಂದರೆ ಅದೇ ಮೂರು ಲೀಟರನ್ನು ದಿನಕ್ಕೆ 60 ಸಲ ಹೊರಗೆ ಸುರಿದು 60 ಸಲ ಒಳಗೆ ಎಳೆದುಕೊಳ್ಳುವುದು. ಕೊನೆಗೆ ನೀವು ಬಾತ್‌ರೂಮಿನಲ್ಲಿ ಬಿಡುವುದು ಒಂದೂವರೆ ಲೀಟರ್ ಅಷ್ಟೇ.

ಇಷ್ಟೊಂದು ನೀರು ಸೋರಬೇಕಾದರೆ ಒತ್ತಡ ಬೇಕು. ಮೈಯ ಬೇರೆ ಕಡೆ ಸಣ್ಣ ರಕ್ತನಾಳಗಳಲ್ಲಿ, ಪಠ್ಯಪುಸ್ತಕದಲ್ಲಿ ಲೋಮನಾಳ ಅಂತ ಓದಿರುತ್ತೀರಲ್ಲ, ಅವುಗಳಲ್ಲಿ ಒತ್ತಡ ಕಡಿಮೆ. ಅಪಧಮನಿಯಿಂದ ರಕ್ತ ಬರುತ್ತದೆ, ಲೋಮನಾಳದಲ್ಲಿ ನಿಧಾನವಾಗಿ ಹರಿಯುತ್ತದೆ, ಸಿರೆಗೆ ಸೇರುತ್ತದೆ. ಕಿಡ್ನಿಯ ಉಂಡೆಯಲ್ಲಿ ಮಾತ್ರ ವ್ಯವಸ್ಥೆ ಬೇರೆ. ಒಳಗೆ ಬರುವುದೂ ಅಪಧಮನಿಯ ಕವಲು, ಹೊರಗೆ ಹೋಗುವುದೂ ಅಪಧಮನಿಯ ಕವಲೇ. ಎರಡು ಕಡೆಯೂ ಬಿಗಿ ಮಾಡಬಲ್ಲ, ಸಡಿಲ ಮಾಡಬಲ್ಲ ಸ್ನಾಯು ಇದೆ. ಎರಡು ಕಡೆ ನಲ್ಲಿ ಇಟ್ಟ ಹಾಗೆ. ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಪಿನ ಕೊನೆ ತೆರೆದಿದ್ದರೆ ನೀರೆಲ್ಲ ಕೊನೆಯಲ್ಲೇ ಹರಿದು ಹೋಗುತ್ತದೆ, ಮಧ್ಯದ ತೂತುಗಳಲ್ಲಿ ಹನಿಯೂ ಬರಲ್ಲ. ಕೊನೆಯನ್ನು ಮಡಚಿ ಕಟ್ಟಿ ನೋಡಿ, ಪ್ರತಿ ತೂತಿನಲ್ಲೂ ನೀರು.

ಹಾಗೆ ಕಟ್ಟಿದ್ದರಿಂದ ಉಂಡೆಯ ಒಳಗೆ ಒತ್ತಡ ಸುಮಾರು 60 ಎಂಎಂ ಇರುತ್ತದೆ, ಬಿಪಿ ಮಿಷನ್‌ನಲ್ಲಿ ನೋಡುತ್ತೀರಲ್ಲ, ಅದೇ ಎಂಎಂ. ಇದು ನೀರನ್ನು ಹೊರಗೆ ತಳ್ಳುತ್ತದೆ. ಆದರೆ ಬಟ್ಟಲಿನಲ್ಲಿ ಆಗಲೇ ಇರುವ ನೀರು 18ರಷ್ಟು ವಾಪಸ್ ಒತ್ತುತ್ತದೆ. ರಕ್ತದಲ್ಲೇ ಉಳಿದ ಪ್ರೋಟೀನು 32ರಷ್ಟು ನೀರನ್ನು ಒಳಕ್ಕೆ ಎಳೆಯುತ್ತದೆ. ಕಳೆದರೆ ಉಳಿಯುವುದು 10. ದಿನಕ್ಕೆ 180 ಲೀಟರ್ ಸೋಸುವ ಇಡೀ ಕಾರ್ಖಾನೆ ನಡೆಯುತ್ತಿರುವುದು ಈ ಹತ್ತರ ಮೇಲೆ. ನಲ್ಲಿಗಳು ತಮ್ಮಷ್ಟಕ್ಕೆ ತಾವೇ ಹೊಂದಿಕೊಳ್ಳುವುದರಿಂದ ನಿಮ್ಮ ಬಿಪಿ ಸ್ವಲ್ಪ ಏರಿದರೂ ಇಳಿದರೂ ಈ ಹತ್ತು ಅಷ್ಟಾಗಿ ಅಲುಗಾಡುವುದಿಲ್ಲ. ತುಂಬ ರಕ್ತ ಹೋದಾಗ, ಭೇದಿಯಾಗಿ ಮೈಯಲ್ಲಿ ನೀರೇ ಇಲ್ಲದಾಗ ಮಾತ್ರ ಅದೂ ಕೈಬಿಡುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ನರ್ಸಮ್ಮ ಬಂದು ಬಂದು "ಯೂರಿನ್ ಎಷ್ಟು ಹೋಯ್ತು?" ಅಂತ ಕೇಳುವುದು.

ಸರಿ, ಎಲ್ಲವನ್ನೂ ಹೊರಗೆ ಸುರಿಯುತ್ತದೆ ಅಂದೆ. ಅದು ಪೂರ್ತಿ ನಿಜ ಅಲ್ಲ. ಅಮ್ಮನೂ ಅಟ್ಟದ ತೊಲೆ ಕಿತ್ತು ಅಂಗಳಕ್ಕೆ ಹಾಕುತ್ತಿರಲಿಲ್ಲ ಅಲ್ವಾ? ಹಾಗೆಯೇ ಇಲ್ಲಿ ರಕ್ತಕಣ ಮತ್ತು ಪ್ರೋಟೀನು ಒಳಗೇ ಉಳಿಯಬೇಕು. ಇದನ್ನು ನೋಡಿಕೊಳ್ಳುವುದು ಉಂಡೆಯ ಗೋಡೆ. ಅದರಲ್ಲಿ ಮೂರು ಪದರ. ಮೊದಲನೆಯದು ರಕ್ತನಾಳದ ಒಳಮೈ, ತುಂಬ ತೂತು, ಒಂದೊಂದು 70ರಿಂದ 100 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷದಲ್ಲೊಂದು ಪಾಲು ಅಂದರೆ ಒಂದು ನ್ಯಾನೋಮೀಟರ್. ಕೆಂಪು ರಕ್ತಕಣ ಇದರ ಎಪ್ಪತ್ತು ಎಂಬತ್ತು ಪಟ್ಟು ಅಗಲ, ಅದು ತೂರುವ ಮಾತೇ ಇಲ್ಲ. ಎರಡನೆಯದು ಅಂಟಿನಂಥ ತೆಳು ಹಾಳೆ, ನಾರುಗಳನ್ನು ಹೆಣೆದು ಮಾಡಿದ್ದು. ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಪೋಡೋಸೈಟ್ ಅನ್ನುವ ಜೀವಕೋಶಗಳು ಆಕ್ಟೋಪಸ್ ಥರ ಕಾಲು ಚಾಚಿ ರಕ್ತನಾಳವನ್ನು ಹೊರಗಿನಿಂದ ತಬ್ಬಿಕೊಂಡಿರುತ್ತವೆ. ಎರಡೂ ಕೈಯ ಬೆರಳುಗಳನ್ನು ಒಂದರ ನಡುವೆ ಒಂದು ಸೇರಿಸಿ ನೋಡಿ. ಒಂದು ಕೈ ಒಂದು ಕೋಶದ್ದು, ಇನ್ನೊಂದು ಪಕ್ಕದ ಕೋಶದ್ದು. ಬೆರಳುಗಳ ನಡುವೆ ಉಳಿದ ಸಂದಿ ಇದೆಯಲ್ಲ, ಅದೇ ಕೊನೆಯ ಬಾಗಿಲು. ಅಗಲ ಸುಮಾರು 40 ನ್ಯಾನೋಮೀಟರ್. ನಿಮ್ಮ ತಲೆಗೂದಲಿನ ದಪ್ಪದಲ್ಲಿ ಸುಮಾರು ಎರಡು ಸಾವಿರದಲ್ಲೊಂದು ಪಾಲು.

ಆ ಸಂದಿಗೂ ಒಂದು ಬಲೆ ಇದೆ. ಫಿನ್ಲೆಂಡಿನಲ್ಲಿ ಕೆಲವು ಕೂಸುಗಳು ಹುಟ್ಟುವಾಗಲೇ ಮೂತ್ರದಲ್ಲಿ ರಾಶಿ ಪ್ರೋಟೀನು ಕಳೆದುಕೊಳ್ಳುತ್ತಿದ್ದವು. ಯಾಕೆ ಎಂದು ಹುಡುಕುತ್ತಾ ಹೋದವರಿಗೆ 1998ರಲ್ಲಿ ಆ ಬಲೆಯ ಒಂದು ಮುಖ್ಯ ಎಳೆಯೇ ಸಿಕ್ಕಿತು, ನೆಫ್ರಿನ್ ಅಂತ. ಆ ಕೂಸುಗಳಲ್ಲಿ ಕೆಟ್ಟಿದ್ದು ಅದರ ಜೀನ್.

ಈ ಜರಡಿ ಯಾಕೆ ಕಟ್ಟಿಕೊಳ್ಳುವುದಿಲ್ಲ? ಮನೆಯ ಕಾಫಿ ಫಿಲ್ಟರ್ ವಾರಕ್ಕೊಮ್ಮೆ ಗ್ಯಾಸ್ ಉರಿಯ ಮೇಲೆ ಹಿಡಿದು ತೂತು ಬಿಡಿಸದಿದ್ದರೆ ಡಿಕಾಕ್ಷನ್ ಇಳಿಯುವುದಿಲ್ಲ. ಕಿಡ್ನಿಯ ಜರಡಿ ಎಂಬತ್ತು ವರ್ಷ ನಡೆಯುತ್ತದೆ. ಗೋಡೆಯಲ್ಲಿ ಋಣ ವಿದ್ಯುತ್ ಇದೆ, ಆಲ್ಬುಮಿನ್ ಎಂಬ ಪ್ರೋಟೀನಿನಲ್ಲೂ ಋಣ ವಿದ್ಯುತ್ ಇದೆ, ಒಂದನ್ನೊಂದು ದೂರ ತಳ್ಳುತ್ತವೆ ಎಂಬುದು ಹಳೆಯ ವಿವರಣೆ. ಅದೊಂದೇ ಸಾಲದು ಎಂದು ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ಆಡಲಿ ಬಿಡಿ.

ಇಲ್ಲಿ ಉಪನ್ಯಾಸ ನಿಲ್ಲಿಸಿ ಸ್ಪಿರಿಟ್ ಲ್ಯಾಂಪ್ ಹಚ್ಚಿದೆ. ಎರಡು ಬಾಟಲಿ ಇಟ್ಟಿದ್ದೆ. ಒಂದರಲ್ಲಿ ಉಪ್ಪು ಸಕ್ಕರೆ ಕರಗಿಸಿದ ನೀರು. ಇನ್ನೊಂದರಲ್ಲಿ ಮೊಟ್ಟೆಯ ಬಿಳಿಲೋಳೆಯನ್ನು ಚಿಟಿಕೆ ಉಪ್ಪು ಹಾಕಿದ ನೀರಿನಲ್ಲಿ ಕದಡಿ, ಹಳೇ ಪಂಚೆಯಲ್ಲಿ ಸೋಸಿ ಇಟ್ಟದ್ದು. ದೂರದಿಂದ ಎರಡೂ ನೀರಿನಂತೆಯೇ ಕಾಣುತ್ತವೆ. ಎರಡನ್ನೂ ಕುಲುಕಿದೆ. ಉಪ್ಪುನೀರಿನ ಗುಳ್ಳೆ ಕ್ಷಣದಲ್ಲಿ ಒಡೆಯಿತು. ಮೊಟ್ಟೆ ನೀರಿನ ಮೇಲೆ ಸೋಪಿನ ನೊರೆಯಂತೆ ಒಂದು ಇಂಚು ನಿಂತಿತು, ನನ್ನ ಮಾತು ಮುಗಿಯುವವರೆಗೂ ಇತ್ತು. ಆಮೇಲೆ ಅದನ್ನು ಟೆಸ್ಟ್ ಟ್ಯೂಬಿಗೆ ಹಾಕಿ, ತಳ ಹಿಡಿದುಕೊಂಡು ಮೇಲ್ಭಾಗ ಮಾತ್ರ ಉರಿಗೆ ಹಿಡಿದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಅಂಚಿನಲ್ಲಿ ಹೊಗೆಯಂಥ ಒಂದು ಬಿಳಿ ಗೆರೆ, ನೋಡುತ್ತಿದ್ದಂತೆ ಮೇಲಿನ ಅರ್ಧ ಹಾಲಿನಂತೆ ಬೆಳ್ಳಗಾಯಿತು, ಕೆಳಗಿನ ಅರ್ಧ ತಿಳಿಯಾಗಿಯೇ ಇತ್ತು. ಹೈಸ್ಕೂಲ್ ಹುಡುಗರು ಎದ್ದು ಮುಂದೆ ಬಂದರು.

1827ರಲ್ಲಿ ಲಂಡನ್‌ನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿ ನೋಡಿದ್ದು ಹೀಗೆಯೇ. ಮೈ ಊದಿಕೊಂಡು ಬಂದವರ ಮೂತ್ರ ಹೀಗೆ ಗಟ್ಟಿಯಾಗುತ್ತಿತ್ತು, ಸತ್ತ ಮೇಲೆ ಕೊಯ್ದು ನೋಡಿದರೆ ಅವರ ಕಿಡ್ನಿ ಕೆಟ್ಟಿರುತ್ತಿತ್ತು. ಅಂದರೆ ಜರಡಿ ಹರಿದು ಪ್ರೋಟೀನು ಆಚೆ ಬಿದ್ದಿದೆ. ಮೊಟ್ಟೆಯ ಪ್ರೋಟೀನೂ ರಕ್ತದ ಪ್ರೋಟೀನೂ ಬೇರೆ ಬೇರೆ, ಆದರೆ ಬಿಸಿಗೆ ಎರಡೂ ಹೆಪ್ಪುಗಟ್ಟುತ್ತವೆ. ಹಾಗಂತ ಮನೆಗೆ ಹೋಗಿ ಕಮೋಡಿನಲ್ಲಿ ನೊರೆ ಕಂಡು ಹೆದರಬೇಡಿ. ಜೋರಾಗಿ ಬಿದ್ದರೆ ಯಾರ ಮೂತ್ರವೂ ನೊರೆಯಾಗುತ್ತದೆ, ಟಾಯ್ಲೆಟ್ ತೊಳೆಯುವ ಲಿಕ್ವಿಡ್ ಉಳಿದಿದ್ದರೂ ಆಗುತ್ತದೆ. ದಿನಾ ಬಂದು, ಬಹಳ ಹೊತ್ತು ಹೋಗದೇ ನಿಲ್ಲುವ ನೊರೆ ಇದ್ದರೆ ಟೆಸ್ಟ್ ಮಾಡಿಸಿ.

ಸುರಿದದ್ದಾಯಿತು, ಇನ್ನು ವಾಪಸ್ ತಗೊಳ್ಳುವುದು. ಸೋರಿದ ನೀರಲ್ಲಿ ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆ ಹೋಗಿರುತ್ತದೆ, ಅಡುಗೆ ಉಪ್ಪಿನ ಲೆಕ್ಕದಲ್ಲಿ ಹೇಳಿದರೆ ಸುಮಾರು ಒಂದೂವರೆ ಕಿಲೋ ಉಪ್ಪು. ಬಟ್ಟಲಿನಿಂದ ಹೊರಟ ಕೊಳವೆ ಅಂಕುಡೊಂಕಾಗಿ ಹೋಗುತ್ತಾ ಸಕ್ಕರೆಯನ್ನು ಪೂರ್ತಿ, ಉಪ್ಪು ನೀರನ್ನು ನೂರಕ್ಕೆ 99ರಷ್ಟು ಎಳೆದುಕೊಳ್ಳುತ್ತದೆ. ಯೂರಿಯಾ ಅರ್ಧದಷ್ಟು ವಾಪಸ್ ಬಂದುಬಿಡುತ್ತದೆ, ಕಸ ಅಂತ ನಾವು ಬೈದರೂ. ಸ್ನಾಯುಗಳಿಂದ ರಕ್ತಕ್ಕೆ ಬರುವ ಕ್ರಿಯೇಟಿನಿನ್ ಎಂಬ ಕಸಕ್ಕೆ ಮಾತ್ರ ಯಾರೂ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಲ್ಯಾಬಿನವರು ಅದನ್ನು ಅಳೆಯುವುದು. ಜರಡಿ ಎಷ್ಟು ಸೋಸುತ್ತಿದೆ ಎನ್ನುವುದಕ್ಕೆ ಅದು ಹೆಚ್ಚೂಕಡಿಮೆ ನೇರ ಸಾಕ್ಷಿ.

ಈ ಸುರಿದು ತಗೊಳ್ಳುವ ಮಾತನ್ನು ಒಪ್ಪಲು ಜನಕ್ಕೆ ಬಹಳ ಕಾಲ ಹಿಡಿಯಿತು. ಬೋಮನ್ ಉಂಡೆಯಿಂದ ಬರುವುದು ಬರೀ ನೀರು, ಕಸವನ್ನು ಕೊಳವೆಯ ಕೋಶಗಳು ತಾವೇ ಹೊರಹಾಕುತ್ತವೆ ಎಂದರು. ಅದೇ 1842ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಇಲ್ಲ, ಉಂಡೆ ಎಲ್ಲವನ್ನೂ ಸೋಸುತ್ತದೆ ಎಂದರು. ಎಂಬತ್ತು ವರ್ಷ ಎರಡು ಪಕ್ಷ. ಕೊನೆಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೋಸೆಫ್ ವರ್ನ್ ಮತ್ತು ಆಲ್ಫ್ರೆಡ್ ರಿಚರ್ಡ್ಸ್ ಕೂದಲೆಳೆಯಂಥ ಗಾಜಿನ ನಳಿಗೆ ಮಾಡಿ, ಕಪ್ಪೆಯ ಕಿಡ್ನಿಯ ಒಂದೇ ಒಂದು ಬಟ್ಟಲಿಗೆ ಚುಚ್ಚಿ ಹನಿ ನೀರು ತೆಗೆದರು. ಆ ಹನಿಯಲ್ಲಿ ಪ್ರೋಟೀನು ಇರಲಿಲ್ಲ, ಸಕ್ಕರೆ ಇತ್ತು. ಅದೇ ಕಪ್ಪೆಯ ಮೂತ್ರಕೋಶದ ಮೂತ್ರದಲ್ಲಿ ಸಕ್ಕರೆ ಇಲ್ಲ. ಹೊರಗೆ ಸುರಿದ ಸಕ್ಕರೆ ದಾರಿಯಲ್ಲಿ ಮನೆಗೆ ವಾಪಸ್ ಹೋಗಿದೆ. 1924ರಲ್ಲಿ ಇದು ಅಚ್ಚಾದ ಮೇಲೆ ವಾದದ ಸದ್ದಡಗಿತು.

ಇನ್ನು ನನ್ನದೇ ಕತೆ, ಸ್ವಲ್ಪ ನಾಚಿಕೆಯಿಂದ ಹೇಳುತ್ತೇನೆ. ಐದು ವರ್ಷದ ಹಿಂದೆ ಮಂಡಿನೋವು ಬಂತು. ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ ಅಂತ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೇಳಿದೆ, ಅವರೂ ಚೀಟಿ ಕೇಳದೇ ಕೊಟ್ಟರು. ದಿನಕ್ಕೆರಡು, ಒಂದು ತಿಂಗಳು. ಆಗಲೇ ಬಿಪಿಗೆ ಮಾತ್ರೆ ತಗೊಳ್ಳುತ್ತಿದ್ದೆ. ನಡುವೆ ಮದುವೆ ಊಟ ಮಾಡಿ ಎರಡು ದಿನ ಭೇದಿ. ಯಾವುದೋ ಬೇರೆ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದರೆ 0.9 ಇದ್ದ ಕ್ರಿಯೇಟಿನಿನ್ 1.7. ಡಾಕ್ಟರು ನನ್ನ ಮುಖ ನೋಡಿ, "ಸಾರ್, ನೀವೇ ಇದನ್ನ ಪಾಠ ಮಾಡೋರು ಅಲ್ವಾ?" ಅಂದರು. ಹೌದು, ನಾನೇ. ಒಳಗೆ ಬರುವ ನಲ್ಲಿಯನ್ನು ತೆರೆದಿಡಲು ಕಿಡ್ನಿ ಒಂದು ವಸ್ತುವನ್ನು ತಾನೇ ಮಾಡಿಕೊಳ್ಳುತ್ತದೆ, ಆ ಬಗೆಯ ನೋವಿನ ಮಾತ್ರೆ ಅದನ್ನು ನಿಲ್ಲಿಸುತ್ತದೆ, ಒಳಬರುವ ನಲ್ಲಿ ಬಿಗಿಯಾಗುತ್ತದೆ. ನನ್ನ ಬಿಪಿ ಮಾತ್ರೆ ಹೊರಹೋಗುವ ನಲ್ಲಿಯನ್ನು ಸಡಿಲಿಸುವ ಜಾತಿಯದು. ಭೇದಿಯಿಂದ ಮೈಯಲ್ಲಿ ನೀರೂ ಕಡಿಮೆ. ಮೂರೂ ಸೇರಿ ಆ ಹತ್ತು ಎಂಎಂ ಒತ್ತಡ ಎಲ್ಲಿ ಉಳಿಯಬೇಕು? ನೋವಿನ ಮಾತ್ರೆ ನಿಲ್ಲಿಸಿದ ಮೇಲೆ ಮೂರು ವಾರದಲ್ಲಿ ಕ್ರಿಯೇಟಿನಿನ್ ಒಂದಕ್ಕೆ ಇಳಿಯಿತು. ಎಲ್ಲರಿಗೂ ಹೀಗೆ ಇಳಿಯುವುದಿಲ್ಲ.

ಇದನ್ನು ಕೇಳಿ ಯಾರೂ ಬಿಪಿ ಮಾತ್ರೆ ಬಿಡಬೇಡಿ. ಶುಗರ್ ಇರುವವರಲ್ಲಿ ತೊಂದರೆ ಉಲ್ಟಾ. ಒಳಬರುವ ನಲ್ಲಿ ಜಾಸ್ತಿ ತೆರೆದುಕೊಂಡು ಉಂಡೆಯೊಳಗೆ ಒತ್ತಡ ಏರುತ್ತದೆ, ಶುರುವಿನಲ್ಲಿ ಕಿಡ್ನಿ ಮಾಮೂಲಿಗಿಂತ ಜಾಸ್ತಿಯೇ ಸೋಸುತ್ತದೆ, ರಿಪೋರ್ಟ್ ನೋಡಿದರೆ ಫಸ್ಟ್ ಕ್ಲಾಸ್. ವರ್ಷಗಟ್ಟಲೆ ಹಾಗೇ ನಡೆದರೆ ಅಂಟು ಹಾಳೆ ದಪ್ಪವಾಗುತ್ತದೆ, ಪೋಡೋಸೈಟ್‌ಗಳು ಕಳಚಿ ಬೀಳುತ್ತವೆ, ಬಿದ್ದ ಜಾಗಕ್ಕೆ ಹೊಸ ಕೋಶ ಸುಲಭಕ್ಕೆ ಹುಟ್ಟುವುದಿಲ್ಲ. ಅಂಥವರಿಗೆ ಹೊರನಲ್ಲಿ ಸಡಿಲಿಸುವ ಅದೇ ಬಿಪಿ ಮಾತ್ರೆ ಜರಡಿಯನ್ನು ಕಾಯುತ್ತದೆ.

ರಿಪೋರ್ಟಿನ ಬಗ್ಗೆ ಒಂದು ಮಾತು. ಕ್ರಿಯೇಟಿನಿನ್ ಎರಡು ಪಟ್ಟಾಯಿತು ಎಂದರೆ ಸೋಸುವುದು ಅರ್ಧಕ್ಕೆ ಬಂತು ಎಂದು ಲೆಕ್ಕ. ಒಬ್ಬ ತೆಳ್ಳಗಿನ ಹೆಂಗಸಿಗೆ 0.6 ಇದ್ದದ್ದು 1.2 ಆಯಿತು ಅಂದುಕೊಳ್ಳಿ. ಎಷ್ಟೋ ಲ್ಯಾಬಿನ ಕಾಗದದಲ್ಲಿ 1.2 ಇನ್ನೂ ನಾರ್ಮಲ್ ಗೆರೆಯೊಳಗೇ ಇರುತ್ತದೆ. ಅರ್ಧ ಜರಡಿ ಹೋಗಿದೆ! ಹಾಗಾಗಿ ಹಳೇ ರಿಪೋರ್ಟ್‌ಗಳನ್ನು ಎಸೆಯಬೇಡಿ, ಮತ್ತು ಶುಗರ್ ಬಿಪಿ ಇರುವವರು ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಟೆಸ್ಟ್ ಕೂಡ ಕೇಳಿ ಮಾಡಿಸಿ. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯೇಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಶುಗರ್ ಇರುವವರಲ್ಲಿ ಎಷ್ಟೋ ಸಲ ಕ್ರಿಯೇಟಿನಿನ್ ಏರುವ ಮೊದಲೇ ಇದು ಏರುತ್ತದೆ.

ಆಮೇಲೆ ಪ್ರಶ್ನೆಗಳು. ಒಬ್ಬರು ಕೇಳಿದರು, "ಬಾಳೆದಿಂಡಿನ ರಸ ಕುಡಿದ್ರೆ ಕ್ರಿಯೇಟಿನಿನ್ ಇಳಿಯುತ್ತಾ ಸಾರ್?" ಬಾಳೆದಿಂಡಿನ ಹೆಸರು ಕೇಳಿಬರುವುದು ಕಲ್ಲಿಗೆ. ಕಲ್ಲು ಕೊಳವೆ ದಾಟಿ ಕೆಳಗಿನ ಕತೆ. ಹರಿದ ಜರಡಿಯನ್ನು ಅದು ಹೊಲಿಯುವುದಿಲ್ಲ. ಕಿಡ್ನಿ ಆಗಲೇ ಸೋತವರಿಗೆ ದಿಂಡಿನಲ್ಲೂ ಎಳನೀರಿನಲ್ಲೂ ಇರುವ ಪೊಟ್ಯಾಸಿಯಮ್ಮೇ ಭಾರ, ಹೃದಯದ ಬಡಿತ ಏರುಪೇರಾಗಬಹುದು. ಪಲ್ಯ ರುಚಿ ಅಂತ ತಿನ್ನುವವರು ತಿನ್ನಲಿ, ನಾನೂ ತಿನ್ನುತ್ತೇನೆ.

ಇನ್ನೊಬ್ಬರ ತಮ್ಮನಿಗೆ ಡಯಾಲಿಸಿಸ್ ನಡೆಯುತ್ತಿದೆ. "ಮಿಷನ್ನೂ ಹೀಗೇ ಸುರಿದು ವಾಪಸ್ ತಗೊಳ್ಳುತ್ತಾ?" ಅಂದರು. ಬಹಳ ಒಳ್ಳೆಯ ಪ್ರಶ್ನೆ. ಇಲ್ಲ, ಅದಕ್ಕೆ ವಾಪಸ್ ತಗೊಳ್ಳುವ ಕೊಳವೆ ಇಲ್ಲ. ಅಲ್ಲಿ ರಕ್ತ ಒಂದು ತೆಳು ಪೊರೆಯ ಈಚೆ ಹರಿಯುತ್ತದೆ, ಅದಕ್ಕೇ ಪೊರೆಯ ಆಚೆ ಹರಿಸುವ ನೀರಿನಲ್ಲೇ ಬೇಕಾದ ಉಪ್ಪುಗಳನ್ನು ರಕ್ತದಷ್ಟೇ ಹದಕ್ಕೆ ಬೆರೆಸಿಟ್ಟಿರುತ್ತಾರೆ. ಎರಡು ಕಡೆಯೂ ಸಮ ಇದ್ದರೆ ಉಪ್ಪು ದಾಟುವುದಿಲ್ಲ, ಯೂರಿಯಾ ಮಾತ್ರ ದಾಟುತ್ತದೆ. 1943ರಲ್ಲಿ ನೆದರ್ಲೆಂಡ್ಸ್‌ನ ಕಾಂಪೆನ್ ಊರಿನಲ್ಲಿ, ಯುದ್ಧದ ನಡುವೆ, ವಿಲ್ಲೆಮ್ ಕಾಲ್ಫ್ ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆ ಸುತ್ತಿ ಇಂಥ ಮಿಷನ್ ಕಟ್ಟಿದರು. ಇವತ್ತಿನದು ಎಷ್ಟೋ ನಾಜೂಕು, ಆದರೂ ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ಗಂಟೆ ನಡೆಸಿದರೆ 12 ಗಂಟೆ ಆಯಿತು. ವಾರದಲ್ಲಿ ಇರುವುದು 168.

ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಏನೋ ಗೀಚಿಕೊಂಡಿದ್ದ. "ಸಾರ್, ನಾವು ಒಂದೂವರೆ ಗಂಟೆ ಕೂತಿದ್ದೀವಿ. ಒಬ್ಬೊಬ್ಬರದು ಹನ್ನೊಂದು ಕಾಲು ಲೀಟರ್. ನಲವತ್ತು ಜನಕ್ಕೆ 450 ಲೀಟರ್." ಮಕ್ಕಳದ್ದು ಸ್ವಲ್ಪ ಕಡಿಮೆ ಹಿಡಿಯಬೇಕು, ಹಿರಿಯರದ್ದೂ ಕಡಿಮೆಯೇ, ಆದರೂ ಲೆಕ್ಕ ಸರಿ ಅಂದೆ. ಗ್ರಂಥಾಲಯದ ಮೇಲಿರುವ ನೀರಿನ ಟ್ಯಾಂಕ್ 500 ಲೀಟರ್‌ದು. ಅಷ್ಟರಲ್ಲಿ ಮುಂದಿನ ಸಾಲಿನ ಹಿರಿಯರು, ಮೊದಲು ಉತ್ತರ ಹೇಳಿದ್ದರಲ್ಲ ಅವರೇ, ಕೋಲು ಊರಿಕೊಂಡು ಎದ್ದು, "ಲೆಕ್ಕ ಆಮೇಲೆ ಮಾಡಪ್ಪ, ಟಾಯ್ಲೆಟ್ ಬೀಗದಕೈ ಯಾರ ಹತ್ರ ಇದೆ?" ಅಂದರು.